ಉಪ್ಪಿಟ್ಟು ಟಚ್

ಹೊಸ ಶಾಲೆಗೆ ಸೇರಿದ ಹುಡುಗನಿಗೆ ಗಣಿತ, ವಿಜ್ಞಾನ ಎಲ್ಲ ಆಮೇಲಿನ ಮಾತು. ಮಧ್ಯಾಹ್ನ ಯಾರ ಪಕ್ಕ ಕೂತು ಡಬ್ಬಿ ತೆಗೆಯೋದು ಅನ್ನೋದೇ ಮೊದಲ ಪರೀಕ್ಷೆ. ‘ಡೈರಿ ಆಫ್ ಎ ವಿಂಪಿ ಕಿಡ್’ ಸಿನಿಮಾ ಪೂರ್ತಿ ಇದೇ ಗೋಳು. ಜೆಫ್ ಕಿನ್ನಿ ಬರೆದ ಪುಸ್ತಕ 2007ರಲ್ಲಿ ಬಂತು, ಸಿನಿಮಾ 2010ರಲ್ಲಿ. ಗ್ರೆಗ್ ಅನ್ನುವ ಬಡಕಲು ಹುಡುಗ ಅಮೆರಿಕದ ಮಿಡ್ಲ್ ಸ್ಕೂಲ್ ಸೇರುತ್ತಾನೆ. ಊಟದ ಹಾಲ್‌ನಲ್ಲಿ ಯಾರೂ ಜಾಗ ಕೊಡುವುದಿಲ್ಲ. ಪಾಪ, ನೆಲದ ಮೇಲೆ ಕೂತು ತಿನ್ನುತ್ತಾನೆ. ಅಲ್ಲಿ ಅದು ಭಾರಿ ಅವಮಾನ. ಏಳನೇ ಕ್ಲಾಸಿನವರೆಗೂ ನೆಲದಲ್ಲೇ ಕೂತು ಬೆಳೆದ ನನಗೆ ಆ ದುಃಖ ಅಷ್ಟಾಗಿ ಹತ್ತಲಿಲ್ಲ.

ನನ್ನ ದುಃಖ ಬೇರೆ. ಹೈಸ್ಕೂಲಿಗೆ ಹೋದ ದಿನ ಎಲ್ಲರದೂ ಫುಲ್ ಪ್ಯಾಂಟು, ನನ್ನದೊಂದೇ ಚಡ್ಡಿ. “ಇನ್ನೂ ಗಟ್ಟಿಯಾಗಿದೆಯಲ್ಲೋ, ಒಂದು ವರ್ಷ ಬರುತ್ತೆ” ಅಂದಿದ್ದರು ಅಪ್ಪ. ಗ್ರೂಪ್ ಫೋಟೋಗೆ ಕುಳ್ಳನಾದ ನನ್ನನ್ನು ಹಿಂದಿನ ಸಾಲಿಗೆ ಕಳಿಸಿದ ಪಿ.ಟಿ. ಮೇಷ್ಟ್ರನ್ನು ಇವತ್ತಿಗೂ ನೆನೆಯುತ್ತೇನೆ.

ಸಿನಿಮಾದಲ್ಲಿ ನನಗೆ ಇಷ್ಟವಾದವನು ಗ್ರೆಗ್ ಅಲ್ಲ, ಅವನ ದಡ್ಡ ಗೆಳೆಯ ರೌಲಿ. ಗ್ರೆಗ್ ಹೆಸರು ಮಾಡಲು ಹಾಕುವ ಪ್ಲಾನು ಒಂದೆರಡಲ್ಲ, ಎಲ್ಲವೂ ಮಕಾಡೆ. ನಾಟಕಕ್ಕೆ ಸೇರಿದರೆ ಮರದ ಪಾರ್ಟು ಸಿಗುತ್ತದೆ! ರೌಲಿ ಏನೂ ಮಾಡುವುದಿಲ್ಲ. ಸುಮ್ನೆ ಕೈ ಮುರಿದುಕೊಳ್ಳುತ್ತಾನೆ, ಅದೂ ಗ್ರೆಗ್‌ನ ದಯೆಯಿಂದ. ಇಡೀ ಶಾಲೆ ಅವನನ್ನು ಮುತ್ತಿಕೊಳ್ಳುತ್ತದೆ. ನಮ್ಮ ಆಫೀಸಿನಲ್ಲೂ ಪ್ರಮೋಷನ್ ಸಿಗೋದು ಹೀಗೇ ಅಲ್ವಾ?

ಆದರೆ ನನ್ನ ಮಗನಿಗೆ ಹಿಡಿಸಿದ್ದು ಇದ್ಯಾವುದೂ ಅಲ್ಲ, ಚೀಸ್. ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಒಂದು ತುಂಡು ಚೀಸ್ ಬಿದ್ದು ಕೊಳೆಯುತ್ತಿರುತ್ತದೆ. ಮುಟ್ಟಿದವನಿಗೆ ‘ಚೀಸ್ ಟಚ್’. ಇನ್ನೊಬ್ಬರನ್ನು ಮುಟ್ಟಿ ದಾಟಿಸುವ ತನಕ ಯಾರೂ ಹತ್ತಿರ ಸೇರಿಸುವುದಿಲ್ಲ. ಬೆರಳ ಮೇಲೆ ಬೆರಳು ಹೆಣೆದುಕೊಂಡವರು ಮಾತ್ರ ಬಚಾವ್.

ಮಾರನೇ ದಿನವೇ ನಮ್ಮ ಫ್ರಿಜ್ಜಿನಿಂದ ಒಂದು ಚೀಸ್ ಸ್ಲೈಸ್ ಟೆರೇಸಿಗೆ ಹೋಯಿತು. ಇವನು ಅದನ್ನು ವಾಟರ್ ಟ್ಯಾಂಕಿನ ಪಕ್ಕ ಇಟ್ಟು ಬೆನ್ನು ತಿರುಗಿಸುವಷ್ಟರಲ್ಲಿ ಕಾಗೆ ಹೊತ್ತೊಯ್ದಿತ್ತು. ಅಮೆರಿಕದಲ್ಲಿ ಕಾಗೆಗಳು ಏನು ಮಾಡುತ್ತವೋ ದೇವರಿಗೇ ಗೊತ್ತು. ಆಮೇಲೆ ಬೆಳಗ್ಗೆ ಮಿಕ್ಕಿದ್ದ ಉಪ್ಪಿಟ್ಟು ಇಟ್ಟ. ನಮ್ಮ ಮನೆಯಲ್ಲಿ ಅದಕ್ಕೆ ಕಾಂಕ್ರೀಟ್ ಅಂತಲೇ ಹೆಸರು. ಕಾಗೆ ಬಂತು, ನೋಡಿತು, ಹೋಯಿತು. ಈ ವಿಷಯ ಹೆಂಡತಿಯ ಕಿವಿಗೆ ಬೀಳದಂತೆ ನೋಡಿಕೊಂಡೆ.

ವಾರದೊಳಗೆ ಅದರ ಮೇಲೆ ಬಿಳಿ ಬೂಷ್ಟು, ಅಂಚಿನಲ್ಲಿ ಹಸಿರು. ನಡುವೆ ಒಂದು ಕರಿಬೇವಿನ ಎಲೆ ಮಾತ್ರ ಹಾಗೇ ಇತ್ತು. ಮಗ ಕಿರುಬೆರಳಲ್ಲಿ ಮುಟ್ಟಿ ಕೆಳಗೆ ಓಡಿ ಬಂದ.

ಹೆಂಡತಿ ಸೌಟು ಹಿಡಿದ ಕೈಯಲ್ಲೇ ಬೆರಳು ಹೆಣೆದಳು. ನಮ್ಮಮ್ಮನಿಗೆ ಮಾತ್ರ ಯಾರೂ ನಿಯಮ ವಿವರಿಸಬೇಕಾಗಲಿಲ್ಲ. “ಮಡಿಯಲ್ಲಿದ್ದೀನಿ, ದೂರ ನಿಂತ್ಕೋ” ಅಂದರು, ಅಷ್ಟೇ. ಎಪ್ಪತ್ತು ದಾಟಿದವರು, ಹುಟ್ಟಿದಾಗಿನಿಂದ ಇದೇ ಆಟ ಆಡಿಕೊಂಡು ಬಂದಿದ್ದಾರೆ. ಇವನು ಅವರ ಹತ್ತಿರ ಗೆಲ್ಲೋದುಂಟೇ?

ಉಳಿದವನು ನಾನು. ಪೇಪರ್ ಓದುತ್ತಿದ್ದೆ, ಎರಡೂ ಕೈ ಕೆಲಸದಲ್ಲಿದ್ದವು. “ಅಪ್ಪಾ, ಉಪ್ಪಿಟ್ಟು ಟಚ್!”

ಅವತ್ತಿಂದ ಮನೆಯಲ್ಲಿ ಉಪ್ಪಿನ ಡಬ್ಬಿಯನ್ನೂ ನನ್ನ ಕೈಗೆ ಕೊಡದೆ ಟೇಬಲ್ ಮೇಲೆ ಜಾರಿಸುತ್ತಿದ್ದರು. ಮಲಗುವಾಗಲೂ ಮಗ ಬೆರಳು ಬಿಡಿಸಲಿಲ್ಲ. ಕೊನೆಗೆ ಭಾನುವಾರ ಅಪಾರ್ಟ್‌ಮೆಂಟ್ ಮೀಟಿಂಗ್ ಬಂತು. ಮೇಂಟೆನೆನ್ಸ್ ಜಾಸ್ತಿ ಮಾಡಿದ್ದೇವೆ ಅಂತ ಸೆಕ್ರೆಟರಿ ಘೋಷಿಸಿದರು. ಎಲ್ಲರೂ ಜಗಳಕ್ಕೆ ನಿಂತರು. ನಾನೊಬ್ಬನೇ ಎದ್ದು ಹೋಗಿ, ಒಳ್ಳೆ ಕೆಲಸ ಮಾಡ್ತಿದ್ದೀರಿ ಸಾರ್ ಅಂತ ಅವರ ಎರಡೂ ಕೈ ಹಿಡಿದು ಚೆನ್ನಾಗಿ ಕುಲುಕಿ ಬಂದೆ.