ಬಾಡಿಗೆ ಎಣಿಸುವವನಂತೆ ನಾನು!

ಬೆಳಿಗ್ಗೆಯಿಂದ ತಲೆಯಿಂದ ಹೋಗ್ತಾ ಇಲ್ಲ. "ನೀವು ತಿಂಗಳಿಗೊಮ್ಮೆ ಬಾಡಿಗೆ ಎಣಿಸುವವರು ಮಾರಾಯ್ರೆ, ಇಲ್ಲಿ ಇರುವವರ ಕಷ್ಟ ನಿಮಗೆ ಎಂತ ಗೊತ್ತುಂಟು?" ಅಂದ್ರು ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಸೆಕ್ರೆಟರಿ, ಮೀಟಿಂಗಲ್ಲಿ. ಅಷ್ಟು ಜನರ ಎದುರು.

ನಾನು ಕೇಳಿದ್ದು ಬಾಡಿಗೆಗೆ ಕೊಟ್ಟ ನನ್ನ ಫ್ಲ್ಯಾಟಿಗೆ ಇಳಿಯುವ ಟೆರೇಸಿನ ಲೀಕ್ ಬಗ್ಗೆ, ಅಷ್ಟೇ. ಮೊದಲು ಎದ್ದಾಗ "ಪಾರ್ಕಿಂಗ್ ವಿಷಯ ಮುಗೀಲಿ" ಅಂದ್ರು, ಕೂತೆ. ಪುನಃ ಎದ್ದೆ, ಬೆಡ್‌ರೂಮಿನ ಸ್ಲ್ಯಾಬಿಂದ ನೀರು ಬೀಳ್ತಾ ಉಂಟು, ಬಾಡಿಗೆಯವರು ಮಗುವನ್ನು ಹಾಲ್‌ನಲ್ಲಿ ಮಲಗಿಸ್ತಾ ಇದ್ದಾರೆ, ಇನ್ನು ಆಟಿ ತಿಂಗಳ ಮಳೆ ಪೂರ್ತಿ ಬಾಕಿ ಅಂತ ಹೇಳ್ತಾ ಇದ್ದೆ, ಆಗ ಬಂತು ಈ ಮಾತು. ಎದುರಿನ ಸಾಲಲ್ಲಿ ಯಾರೋ ನಕ್ಕರು. ನಗ್ಲಿ, ಅದು ಹೋಗ್ಲಿ. ಬಾಗಿಲ ಹತ್ರ ನನ್ನ ಬಾಡಿಗೆಯ ಹುಡುಗ ನಿಂತಿದ್ದ, ಗೋಡೆಯ ಫೋಟೋ ತೋರಿಸ್ಲಿಕ್ಕೆ ನಾನೇ ಬರ್ಲಿಕ್ಕೆ ಹೇಳಿದ್ದು. ಅವನು ಮೊಬೈಲ್ ಕಿಸೆಗೆ ಹಾಕಿ ತಲೆ ತಗ್ಗಿಸಿದ. ನನಗಾಗಿ ಅವನಿಗೆ ನಾಚಿಕೆ ಆಯ್ತು! ನಾನು ಬಾಯಿ ತೆರೆಯುವಷ್ಟರಲ್ಲಿ "ನಿಮಗೆ ಇನ್‌ಕಮ್ ಬರ್ತದಲ್ಲ, ನೀವೇ ಮಾಡಿಸಿ" ಅಂತ ಮುಂದಿನ ವಿಷಯಕ್ಕೆ ಹೋದ್ರು.

ಎಂತ ಇನ್‌ಕಮ್? ಬಾಡಿಗೆ 16,000, ಇಎಂಐ 27,400. ಲೋನ್ ತೆಗೆಯುವಾಗ ರೆಪೋ, ಅಂದ್ರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹಾಕುವ ಬಡ್ಡಿ, 4 ಪರ್ಸೆಂಟ್ ಇತ್ತು, 2022ರ ಮೇಯಿಂದ ಏರಿ ಏರಿ 2023ರ ಫೆಬ್ರವರಿಗೆ 6.5 ಆಯ್ತು, ಬ್ಯಾಂಕಿನವರು ಕಂತು ಹಾಗೇ ಇಟ್ಟು ಸಾಲದ ವರ್ಷ ಎಳೆದ್ರು. 2025ರಲ್ಲಿ ಇಳಿದದ್ದು ಹೌದು, ಆದ್ರೆ ಮೊದಲಿನ 4ಕ್ಕೆ ಬರ್ಲಿಲ್ಲ. ಮೇಲಿಂದ ಮೇಂಟೆನೆನ್ಸ್, ಕಾರ್ಪೊರೇಷನ್ ಟ್ಯಾಕ್ಸ್, ಬ್ರೋಕರ್, ಒಬ್ರು ಬಿಟ್ಟು ಇನ್ನೊಬ್ರು ಬರುವ ತನಕ ಖಾಲಿ ಬಿದ್ದ ತಿಂಗಳುಗಳು. ಇನ್‌ಕಮ್ ಟ್ಯಾಕ್ಸಿನ ಹಳೇ ಪದ್ಧತಿಯಲ್ಲಾದ್ರೆ ಮನೆಯ ನಷ್ಟವನ್ನು (ಬಾಡಿಗೆಗಿಂತ ಬಡ್ಡಿ ಜಾಸ್ತಿ ಆದದ್ದನ್ನು) ವರ್ಷಕ್ಕೆ 2 ಲಕ್ಷದವರೆಗೆ ಸಂಬಳದಲ್ಲಿ ಕಳೀಬಹುದು, ಹೊಸದರಲ್ಲಿ ಅದೂ ಇಲ್ಲ. ಪ್ರತಿ ತಿಂಗಳು ಸಂಬಳದಿಂದ ಹಾಕುವವ ನಾನು, ಎಣಿಸ್ಲಿಕ್ಕೆ ಉಳಿಯುದೆಂತ?

ಮತ್ತೆ ಟೆರೇಸ್ ನನ್ನದಲ್ಲವೇ ಅಲ್ಲ. 1972ರ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆಯಲ್ಲಿ ಕಟ್ಟಡದ ಮಾಡು, ಅಂದ್ರೆ ಛಾವಣಿ, ಎಲ್ಲರಿಗೂ ಸೇರಿದ ಕಾಮನ್ ಏರಿಯಾ, ನಮ್ಮ ಡೀಡಲ್ಲೂ ಹಾಗೇ ಉಂಟು. ಎಲ್ಲರಷ್ಟೇ ಮೇಂಟೆನೆನ್ಸ್ ನಾನೂ ಕಟ್ತೇನೆ, ಒಂದು ತಿಂಗಳೂ ತಪ್ಪಿಸ್ಲಿಲ್ಲ.

ಬಿಡಿ, ಜಗಳ ಬೇಡ, ನನ್ನ ಖರ್ಚಲ್ಲೇ ಸದ್ಯಕ್ಕೆ ಒಂದು ಟಾರ್ಪಾಲ್ ಆದ್ರೂ ಹಾಕಿಸ್ತೇನೆ ಅಂತ ಮಧ್ಯಾಹ್ನ ಸೆಕ್ರೆಟರಿಗೆ ಫೋನ್ ಮಾಡಿದ್ರೆ ಟೆರೇಸಿನ ಕೀ ಕೊಡ್ಲಿಕ್ಕೆ ಆಗುದಿಲ್ಲವಂತೆ, ಕಮಿಟಿಯ ಪರ್ಮಿಷನ್ ಬೇಕಂತೆ! ಅವರೂ ಮಾಡುದಿಲ್ಲ, ನನಗೂ ಬಿಡುದಿಲ್ಲ. ಮಾರಿ ಕೈ ತೊಳೆದುಕೊಳ್ಳುವ ಅಂತ ಅನಿಸ್ತದೆ. ಆದ್ರೆ ಯಾಕೆ ಮಾರ್ಬೇಕು? ಲೀಕ್ ಆಗುವ ಮನೆ ಯಾರು ತಗೊಳ್ತಾರೆ?

ಹುಡುಗನ ಮೆಸೇಜ್ ಬಂದಿದೆ, ಈ ತಿಂಗಳು ಅರ್ಧ ಬಾಡಿಗೆ ಹಾಕ್ತಾನಂತೆ. ಆಯ್ತು ಅಂದೆ, ಅವನದ್ದು ನ್ಯಾಯ. ಬ್ಯಾಂಕ್ ಅರ್ಧ ಕಂತು ತಗೊಳ್ತದಾ? ಇಲ್ಲಿ ಅಸೋಸಿಯೇಷನ್ ನಡೆಸುವವರು ಯಾರಾದ್ರೂ ಇದ್ರೆ ಉತ್ತರ ಕೊಡಿ, ಬೇರೆ ಕಡೆ ಇರುವ ಓನರ್ ಓನರ್ ಅಲ್ವಾ? ಆ ಕೀ ಯಾರ ಹತ್ರ ಕೇಳಿದ್ರೆ ಸಿಗ್ತದೆ, ಅದನ್ನಾದ್ರೂ ಹೇಳಿ.