‘ಹೇಗಿದೆ?’ ಅಂತ ಕೇಳಿದ್ದೇ ನನ್ನ ತಪ್ಪು

ಒಂದು ಬ್ಯಾಂಕಿನ ಹಳೇ ಲೋಗೋ ಬದಲಾಯಿಸುವ ಕೆಲಸ ನನ್ನ ಕೈಗೆ ಬಂದಿತ್ತು. ಮೂರು ವಾರ ಕೂತು ಬಿಡಿಸಿದೆ. ದುಂಡನೆಯ ನೀಲಿ ನಾಣ್ಯ, ಅದರೊಳಗೆ ತಿಳಿ ನೀಲಿಯ ಒಂದು ಎಲೆ, ಎಡಗಡೆ ಮೇಲೆದ್ದು ಬಲಗಡೆಗೆ ಬಾಗುವಂಥದ್ದು. ನನಗಂತೂ ಬಹಳ ಹಿಡಿಸಿತ್ತು. ಬ್ಯಾಂಕಿನವರಿಗೆ ತೋರಿಸುವ ಮುಂಚೆ ಇದೇ ಕಸುಬಿನ ಏಳೆಂಟು ಗೆಳೆಯರಿಗೆ ವಾಟ್ಸಾಪ್‌ನಲ್ಲಿ ಕಳಿಸಿ, ‘ಹೇಗಿದೆ?’ ಅಂತ ಕೇಳಿದೆ.

‘ಸೂಪರ್.’ ‘ಕ್ಲೀನಾಗಿದೆ.’ ಎರಡು ಹೆಬ್ಬೆಟ್ಟು. ಆಮೇಲೆ ಒಬ್ಬ ಹಸಿರು ಹಾಕು ಅಂದ, ಇನ್ನೊಬ್ಬಳು ಗೆರೆ ದಪ್ಪ ಮಾಡು ಅಂದಳು, ಮತ್ತೊಬ್ಬ ನಾಣ್ಯವನ್ನೇ ತೆಗೆದುಬಿಡು ಅಂದ. ಎಲ್ಲರ ಮಾತೂ ಕೇಳಿದ್ದರೆ ಮದುವೆ ಮನೆ ರಂಗೋಲಿ ಆಗುತ್ತಿತ್ತು.

ಅಷ್ಟರಲ್ಲಿ ಅಕೌಂಟ್ಸ್ ನೋಡುವ ಗೆಳತಿಯೊಬ್ಬಳು ನನ್ನ ಸ್ಕ್ರೀನ್ ಕಡೆ ಸುಮ್ನೆ ಇಣುಕಿದಳು.

‘ಬ್ಯಾಂಕಿಂದಲ್ವಾ ಇದು? ಗ್ರಾಫ್ ಯಾಕೆ ಕೆಳಗೆ ಬೀಳ್ತಿದೆ?’

ನೋಡಿದರೆ ಹೌದು. ನನ್ನ ಎಲೆಯ ತುದಿ ಬಲಗಡೆ ಜಾರುತ್ತಿದೆ, ನಷ್ಟದ ಗೆರೆಯ ಹಾಗೆ!

ಮರುದಿನ ಅದೇ ಗೆಳೆಯರಿಗೆ ಬೇರೆ ಥರ ಕೇಳಿದೆ. ಐದು ಸೆಕೆಂಡ್ ನೋಡಿ, ಫೋನ್ ಮುಚ್ಚಿಡಿ, ಇದು ಯಾವ ವ್ಯಾಪಾರದ್ದು ಹೇಳಿ, ನೆನಪಿದ್ದಷ್ಟು ಪೇಪರ್ ಮೇಲೆ ಬಿಡಿಸಿ. ಮೂವರು ಔಷಧಿ ಕಂಪನಿ ಅಂದರು. ಬಿಡಿಸಿದವರಲ್ಲಿ ಒಬ್ಬರಿಗೂ ನಾಣ್ಯ ನೆನಪಿರಲಿಲ್ಲ. ಒಬ್ಬ ಪ್ರಿಂಟ್ ತೆಗೆದು ಜೆರಾಕ್ಸ್ ಮಾಡಿ ಕಳಿಸಿದ, ಎರಡೂ ನೀಲಿ ಒಂದೇ ಬೂದಿ ಬಣ್ಣ ಆಗಿ ಎಲೆ ಮಾಯ. ಬ್ರೌಸರ್ ಟ್ಯಾಬಿನ 16 ಪಿಕ್ಸೆಲ್‌ಗೆ ಇಳಿಸಿದರೆ ಬರೀ ಚುಕ್ಕೆ. ಪಾಸ್‌ಬುಕ್, ಚೆಕ್, ಸೀಲು, ಆ್ಯಪ್ ಎಲ್ಲದರ ಮೇಲೂ ಬರಬೇಕಾದ ಗುರುತು ಇದು! ಹಸಿರು ಹಾಕು, ಗೆರೆ ದಪ್ಪ ಮಾಡು, ನಾಣ್ಯ ತೆಗಿ ಅಂದವರೆಲ್ಲ ಹೇಳಿದ್ದು ಒಂದೇ ಕಾಯಿಲೆ, ಎಲೆ ಕಾಣ್ತಿಲ್ಲ ಅಂತ. ಮದ್ದು ಮಾತ್ರ ಬೇರೆ ಬೇರೆ. ಮದ್ದು ಹುಡುಕೋದು ನನ್ನ ಕೆಲಸ, ಅವರದ್ದಲ್ಲ.

ಹಾಗಂತ ಓಟಿಗೆ ಹಾಕೋದನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಚೇಸ್ ಮ್ಯಾನ್‌ಹಟನ್ ಬ್ಯಾಂಕಿಗೆ 1961ರಲ್ಲಿ ಬಂದ ಎಂಟು ಮೂಲೆಯ ಗುರುತು ನೋಡಿ. ನಾಲ್ಕು ತುಂಡು, ನಡುವೆ ಖಾಲಿ ಚೌಕ. ಹಣವೂ ಇಲ್ಲ, ಕಟ್ಟಡವೂ ಇಲ್ಲ. ‘ಇಷ್ಟವಾಯ್ತಾ?’ ಅಂತ ಹತ್ತು ಜನರನ್ನು ಕೇಳಿದ್ದರೆ ಎಷ್ಟು ಕೈ ಏಳುತ್ತಿತ್ತೋ. 60 ವರ್ಷ ದಾಟಿದರೂ ಅದೇ ಆಕಾರ ನಡೀತಿದೆ.

ಎಲೆಯ ತುದಿ ಮೇಲಕ್ಕೆ ತಿರುಗಿಸಿದೆ, ತಿಳಿ ನೀಲಿ ಬಿಟ್ಟು ಬಿಳಿ ಮಾಡಿದೆ. ಹೊರಗಿನ ನೀಲಿ ಬ್ಯಾಂಕಿನ ಹಳೇ ಬಣ್ಣ, ಅದನ್ನೂ ಬದಲಾಯಿಸೋ ಆಸೆ ಇತ್ತು. ಬೋರ್ಡ್ ಮಾಡಿ ಅನುಭವ ಇರುವ ಗೆಳೆಯ ಬಿಡಲಿಲ್ಲ. ‘ರಸ್ತೆ ಆಚೆಯಿಂದ ಜನ ಓದಲ್ಲ ಮಾರಾಯ, ಬಣ್ಣ ನೋಡಿ ಬರ್ತಾರೆ’ ಅಂದ. ಗೊಣಗಿಕೊಂಡೇ ಹಳೇ ನೀಲಿ ಉಳಿಸಿದೆ.

ಮೊದಲು ‘ಸೂಪರ್’ ಅಂದವನಿಗೆ ಕೊನೆಗೊಮ್ಮೆ ಕೇಳಿದೆ, ನಿಂಗೆ ಅದರಲ್ಲಿ ಏನು ಹಿಡಿಸ್ತು ಅಂತ. ಪಾಪ, ಆವತ್ತು ನೆಟ್‌ವರ್ಕ್ ಇರಲಿಲ್ಲವಂತೆ, ಚಿತ್ರ ಡೌನ್‌ಲೋಡೇ ಆಗಿರಲಿಲ್ಲವಂತೆ.