ಟಾಯ್ಲೆಟ್‌ಗೆ ಹೆದರಿ ನೀರು ಕುಡಿಯುವುದನ್ನು ಬಿಡಬೇಡಿ

ಮೊನ್ನೆ ಮಂಗಳೂರಿನಿಂದ ಉಡುಪಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಕಾಲೇಜು ಹುಡುಗಿಯೊಬ್ಬಳು ಕೂತಿದ್ದಳು. ವಿಪರೀತ ಸೆಕೆ. ನನ್ನ ನೀರಿನ ಬಾಟಲಿ ಕೊಟ್ಟೆ. "ಬೇಡ ಆಂಟಿ, ಮನೆಗೆ ಹೋಗಿಯೇ ಕುಡಿಯುತ್ತೇನೆ, ಇಲ್ಲಾಂದ್ರೆ ಟಾಯ್ಲೆಟ್ ಹುಡುಕ್ಬೇಕಾಗ್ತದೆ" ಅಂದಳು. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟವಳಂತೆ. ಆಗ ಸಂಜೆ ಐದೂವರೆ!

ನಾನೂ ವರ್ಷಗಟ್ಟಲೆ ಹೀಗೇ ಮಾಡಿದವಳು. ಕೊನೆಗೆ ಉರಿಮೂತ್ರ, ಚಳಿಜ್ವರ, ಸೊಂಟನೋವು ಅಂತ ಒಂದು ವಾರ ಮಲಗಿದೆ. ಡಾಕ್ಟರ್ ಮೊದಲು ಕೇಳಿದ್ದೇ ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಅಂತ.

ಟಾಯ್ಲೆಟ್ ಸೀಟಿನಿಂದ ಸೋಂಕು ಅಂಟುತ್ತದೆ ಅಂತ ನಾವೆಲ್ಲ ಹೆದರುತ್ತೇವೆ, ಅಲ್ವಾ? ಆದರೆ ಮೂತ್ರದ ಸೋಂಕು ತರುವುದು ಹೆಚ್ಚಾಗಿ ನಮ್ಮದೇ ಕರುಳಿನಲ್ಲಿರುವ ಇ ಕೋಲಿ ಅನ್ನುವ ಬ್ಯಾಕ್ಟೀರಿಯಾ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಅಷ್ಟೇ, ಹಾಗಾಗಿ ಅದು ಸುಲಭವಾಗಿ ಮೇಲೆ ಹತ್ತುತ್ತದೆ. ನೀರು ಕುಡಿದು ಆಗಾಗ ಹೋಗುತ್ತಿದ್ದರೆ ತೊಳೆದುಹೋಗುತ್ತದೆ, ಕಟ್ಟಿಕೊಂಡು ಕೂತರೆ ಒಳಗೇ ಬೆಳೆಯುತ್ತದೆ. ಸೀಟಿಗೆ ತಾಗದ ಹಾಗೆ ಅರ್ಧ ಬಗ್ಗಿ ನಿಂತರೆ ಪೂರ್ತಿ ಖಾಲಿಯಾಗದೆ ಉಳಿಯಬಹುದು. ಒರೆಸಿ ಕೂತ್ಕೊಳ್ಳಿ. ಇಂಡಿಯನ್ ಇದ್ದರೆ ಇನ್ನೂ ಒಳ್ಳೆಯದು. ತೊಳೆಯುವುದು ಯಾವತ್ತೂ ಮುಂದಿನಿಂದ ಹಿಂದಕ್ಕೆ.

ಸೀಟಿಗಿಂತ ಜಾಸ್ತಿ ಹೆದರಬೇಕಾದದ್ದು ಚಿಲಕ, ನಲ್ಲಿ, ಮಗ್ಗಿನ ಹಿಡಿಗೆ. ನಮಗಿಂತ ಮೊದಲು ಹೋದವರ ಕೈಯೆಲ್ಲ ಅಲ್ಲೇ ತಾಗಿರುತ್ತದೆ. ಎಷ್ಟೋ ಕಡೆ ಸೋಪು ಇರುವುದಿಲ್ಲ, ಅದಕ್ಕೆ ನಾನು ಸಣ್ಣ ಡಬ್ಬಿಯಲ್ಲಿ ಒಂದು ತುಂಡು ಸೋಪು ಇಟ್ಟುಕೊಂಡೇ ಹೊರಡುತ್ತೇನೆ. 20 ಸೆಕೆಂಡಾದರೂ ಉಜ್ಜಬೇಕು, ಉಗುರಿನ ಸಂದಿಯನ್ನೂ ಸೇರಿಸಿ. ಸ್ಯಾನಿಟೈಸರ್ ಉಂಟಲ್ಲ ಅಂತ ಸುಮ್ನೆ ಇರಬೇಡಿ, ವಾಂತಿಭೇದಿ ತರುವ ನೊರೊವೈರಸ್ ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ.

ಒಳಗೆ ಹೋದ ಕೂಡಲೇ ಗೋಡೆ, ಕಿಟಕಿ, ಬಾಗಿಲಿನ ತೂತು ಒಮ್ಮೆ ನೋಡಿಕೊಳ್ಳಿ. ಕ್ಯಾಮೆರಾ ಇಟ್ಟಿರಬಹುದು ಅಂತ ಏನಾದರೂ ಅನುಮಾನ ಬಂದರೆ ಮುಟ್ಟದೆ ಹೊರಗೆ ಬಂದು 112ಕ್ಕೆ ಫೋನ್ ಮಾಡಿ. ಕದ್ದು ನೋಡುವುದು, ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ. ನಾಚಿಕೆ ಪಡಬೇಕಾದವರು ನಾವಲ್ಲ.

ಮತ್ತೆ ಶೌಚಾಲಯ ನಡೆಸುವವರೇ, ನಿಮ್ಮ ಹತ್ತಿರ ನಾನು ಗ್ರಾನೈಟು ಕೇಳುತ್ತಿಲ್ಲ. ಗಟ್ಟಿ ಚಿಲಕ, ಬ್ಯಾಗು ನೇತುಹಾಕಲು ಒಂದು ಮೊಳೆ, ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ, ತೊಳೆಯುವ ಅಕ್ಕನಿಗೆ ಒಂದು ಜೊತೆ ಗ್ಲೌಸ್. ಇದಕ್ಕೆಲ್ಲ ಎಷ್ಟು ಖರ್ಚು ಮಾರಾಯ್ರೆ?

ಬಸ್ ಇಳಿದ ಮೇಲೆ ಆ ಹುಡುಗಿಯನ್ನು ಹತ್ತಿರದ ಒಂದು ಟಾಯ್ಲೆಟ್‌ಗೆ ಕರ್ಕೊಂಡು ಹೋದೆ. ಚಿಲಕ ಮುರಿದಿತ್ತು. ಅವಳು ಬರುವವರೆಗೆ ನಾನು ಬಾಗಿಲು ಹಿಡಿದು ನಿಂತೆ, ಆಮೇಲೆ ಅವಳು ನನಗೆ. ಕೈ ತೊಳೆದು ಹೊರಗೆ ಬಂದವಳೇ ನನ್ನ ಬಾಟಲಿ ತಗೊಂಡು ಅರ್ಧ ಖಾಲಿ ಮಾಡಿದಳು.